ರೊಟ್ಟಿ ಮೆತ್ತಗಾಗುವ ಊರಿಗೆ ವ್ಯಾನಿನಲ್ಲಿ

ಓದುಗರ ಪ್ರಶ್ನೆ, ಕೊಪ್ಪಳದ ಅಕ್ಕೋರ ಉತ್ತರ

ಎರಡು ಸಂಚಿಕೆ ಹಿಂದೆ ಇದೇ ಪುಟದಲ್ಲಿ ನಮ್ಮ ಪ್ರವಾಸದ ಕತೆ ಬರೆದಿದ್ದೆ. ಗಂಡ ಹೆಂಡತಿ ಇಬ್ಬರೇ ಹಳೆಯ ವ್ಯಾನಿನಲ್ಲಿ ಉಂಡು, ಮಲಗಿ, ಕಾರವಾರದಿಂದ ಮಲ್ಪೆವರೆಗೆ ಹೋಗಿಬಂದ ಕತೆ. ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಬಂದವು. ಹೆಚ್ಚಿನವು ನಮ್ಮ ಕಡೆಯವೇ: ಬಳ್ಳಾರಿ, ರಾಯಚೂರು, ಕೊಪ್ಪಳ. ಒಂದು ಕಾಗದದಲ್ಲಿ ಬೈಗುಳವೂ ಇತ್ತು, ಅದಕ್ಕೂ ಉತ್ತರ ಕೊಟ್ಟಿದ್ದೇನೆ.

ಆ ಕತೆ ಓದದವರಿಗೆ ಎರಡು ಮಾತು. ನಾನು ಕೊಪ್ಪಳ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ನಮ್ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಇಬ್ಬರೂ ರಿಟೈರ್ ಆದ ಮೇಲೆ ಎಂಟು ವರ್ಷ ಹಳೆಯ ಮಾರುತಿ ಈಕೋ ಕೊಂಡೆವು, ಐದು ಸೀಟಿನದು. ಹಿಂದಿನ ಸೀಟು ಮಡಚಿ ಮೇಲೆ ಹಲಗೆ ಹಾಸಿದರೆ ಮಂಚ. ಹಿಂಬಾಗಿಲು ಎತ್ತಿದರೆ ಅಡುಗೆಮನೆ. ಟಿವಿಯಲ್ಲಿ ತೋರಿಸುವ ಕ್ಯಾಂಪರ್ ವ್ಯಾನಿನ ಹಾಗೆ ಒಳಗೆ ನಿಂತುಕೊಳ್ಳಲು ಆಗುವುದಿಲ್ಲ. ಸೀರೆ ಉಡಲಂತೂ ಸಾಧ್ಯವೇ ಇಲ್ಲ. ಹನ್ನೊಂದು ದಿನ ಚೂಡಿದಾರದಲ್ಲೇ ಕಳೆದೆ.

ಸಿಂಧನೂರಿನಿಂದ ಒಬ್ಬರು ನಿವೃತ್ತ ನೌಕರರು: ನಾನು, ನನ್ನ ಹೆಂಡತಿ ಇಬ್ಬರೇ. ನಾವೂ ಹೋಗಬೇಕು. ಯಾವ ದಾರಿ, ಯಾವ ತಿಂಗಳು, ಎಷ್ಟು ದಿನ?

ನೀವು ಕಾರಟಗಿ, ಗಂಗಾವತಿ ದಾಟಿ ಕೊಪ್ಪಳಕ್ಕೆ ಬನ್ನಿ. ಮನೆಗೆ ಬಂದರೆ ಚಹಾ ಉಂಟು. ಅಲ್ಲಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಕೊಪ್ಪಳದಿಂದ ಅಂಕೋಲಾಕ್ಕೆ ಸುಮಾರು 250 ಕಿಲೋಮೀಟರ್. ಒಂದೇ ದಿನದಲ್ಲಿ ಮುಟ್ಟಬಹುದು. ಮುಟ್ಟಬೇಡಿ. ಮೊದಲ ರಾತ್ರಿ ಯಲ್ಲಾಪುರದಲ್ಲಿ ಮಲಗಿ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್ ಬರುತ್ತದೆ. ಲಾರಿಗಳು ಜಾಸ್ತಿ. ಸಾಮಾನು ತುಂಬಿದ ಗಾಡಿಯನ್ನು ಅಲ್ಲಿ ಬೆಳಗಿನ ಬೆಳಕಿನಲ್ಲಿ ಇಳಿಸುವುದು ಒಳ್ಳೆಯದು. ಬ್ರೇಕನ್ನೇ ನಂಬಬೇಡಿ, ಎರಡನೇ ಗೇರಿನಲ್ಲಿ ಇಳಿಯಿರಿ.

ಘಾಟ್ ಇಳಿದು ಮುಗಿಯುವ ಹೊತ್ತಿಗೆ ಕಿಟಕಿ ಇಳಿಸಿ ನೋಡಿ. ಯಾರೋ ಮುಖಕ್ಕೆ ಒದ್ದೆ ಟವೆಲ್ ಒತ್ತಿದ ಹಾಗೆ ಆಗುತ್ತದೆ. ನನ್ನ ಕತೆಯಲ್ಲಿ ಇದನ್ನು ಸರಿಯಾಗಿ ಬರೆದಿರಲಿಲ್ಲ. ಬಂದ ಕಾಗದ ನೋಡಿದ ಮೇಲೆ, ಬರೆಯಬೇಕಿದ್ದದ್ದು ಇದನ್ನೇ ಅನಿಸಿತು. ನಾವು ಒಣ ಊರಿನ ಜನ. ನಮ್ಮಲ್ಲಿ ವರ್ಷಕ್ಕೆ 500–600 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ. ಕರಾವಳಿಯಲ್ಲಿ ಅದು 3,000 ದಾಟುತ್ತದೆ. ನಾವು ಮನೆಯಿಂದ ಯೋಚಿಸಿ ಒಯ್ದ ಸಾಮಾನಿನಲ್ಲಿ ಅರ್ಧ ಒಣ ಊರಿಗೆ ಮಾಡಿದ್ದು. ಹತ್ತಿಯ ಗಾದಿ, ಕೌದಿ, ಕಡ್ಡಿಪೆಟ್ಟಿಗೆ, ಖಡಕ್ ರೊಟ್ಟಿ. ಎಲ್ಲವೂ ಮೂರು ದಿನದಲ್ಲಿ ಸೋತವು.

ತಿಂಗಳು: ನವೆಂಬರ್ ಕೊನೆಯಿಂದ ಜನವರಿ. ನಾವು ಫೆಬ್ರವರಿ ಕೊನೆಗೆ ಹೊರಟು ಮಾರ್ಚ್‌ನಲ್ಲಿ ವಾಪಸಾದೆವು. ಅದು ತಡವಾಯಿತು, ಬೆವರಿ ಬೆವರಿ ಸಾಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬೇಡಿ. ಮಳೆಗಾಲದ ಸಮುದ್ರ ನೋಡಲು ಚೆಂದ, ಒಪ್ಪುತ್ತೇನೆ. ಆದರೆ 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಕರಾವಳಿ ಹೆದ್ದಾರಿಯ ಮೇಲೆ. ರಸ್ತೆ ಪಕ್ಕ ಚಹಾ ಕುಡಿಯಲು ನಿಂತವರೂ ಹೋದರು. ಆ ಜಾಗ ದಾಟುವಾಗ ನಮ್ಮನೆಯವರು ಗಾಡಿ ನಿಧಾನ ಮಾಡಲಿಲ್ಲ, ಮಾತೂ ಆಡಲಿಲ್ಲ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಮಲಗುವ ಅಭ್ಯಾಸ ಯಾವ ತಿಂಗಳಲ್ಲೂ ಬೇಡ.

ದಿನ: ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿಲೋಮೀಟರ್. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮುಗಿಯುತ್ತದೆ. ಮುಗಿಸಿ ಏನು ಮಾಡುತ್ತೀರಿ? ದಿನಕ್ಕೆ 50 ಕಿಲೋಮೀಟರ್ ಸಾಕು. ನಾವು ಕಾರವಾರ, ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ, ಮರವಂತೆ, ಮಲ್ಪೆ ಅಂತ ಇಳಿದೆವು. ವಾಪಸ್ ಬರುವಾಗ ಆಗುಂಬೆ ಹತ್ತಿ ಶಿವಮೊಗ್ಗ, ಹರಿಹರ, ಹೊಸಪೇಟೆ ಮೇಲೆ ಬಂದೆವು. ಆಗುಂಬೆಯಲ್ಲಿ 14 ತಿರುವು. ಪ್ರತಿ ತಿರುವಿಗೂ ಹಿಂದಿನ ಪಾತ್ರೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬಂದವು. ಪಾತ್ರೆಗಳ ನಡುವೆ ಬಟ್ಟೆ ತುರುಕಿ.

ಗಂಗಾವತಿಯಿಂದ ಒಬ್ಬ ಗೃಹಿಣಿ: ಅಕ್ಕೋರೇ, ಊಟಕ್ಕೆ ಏನೇನು ಒಯ್ದಿರಿ? ಗ್ಯಾಸ್ ಒಯ್ಯಬಹುದಾ?

ತಂಗಿ, ಮೊದಲು ರೊಟ್ಟಿಯ ಕತೆ ಹೇಳಿಬಿಡುತ್ತೇನೆ. ನಲವತ್ತು ಖಡಕ್ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ನಮ್ಮಲ್ಲಿ ಅವು ತಿಂಗಳು ಇದ್ದರೂ ಕಟಕ್ ಅನ್ನುತ್ತವೆ. ಗೋಕರ್ಣದಲ್ಲಿ ಎರಡನೇ ದಿನ ಬೆಳಗ್ಗೆ ಗಂಟು ಬಿಚ್ಚಿದರೆ ರೊಟ್ಟಿ ಮಡಚಲು ಬರುತ್ತಿತ್ತು. ಹಪ್ಪಳದಂತೆ ಇದ್ದದ್ದು ಚಪಾತಿಯಂತೆ ಆಗಿತ್ತು. ನಾಲ್ಕನೇ ದಿನ ಅಂಚಿನಲ್ಲಿ ಬೂಷ್ಟು. ಅಷ್ಟೂ ರೊಟ್ಟಿಯನ್ನು ತವೆಯ ಮೇಲೆ ಮತ್ತೆ ಸುಟ್ಟು ಉಳಿಸಿಕೊಂಡೆ. ನೀನು ಸ್ಟೀಲ್ ಡಬ್ಬಿಯಲ್ಲಿ, ಮುಚ್ಚಳ ಬಿಗಿಯಾಗಿರುವುದರಲ್ಲಿ ಹಾಕು. ಹತ್ತು ಹತ್ತು ಬೇರೆ ಬೇರೆ ಡಬ್ಬಿ. ಒಂದು ತೆಗೆದರೆ ಉಳಿದವಕ್ಕೆ ಗಾಳಿ ತಾಗಬಾರದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಕೂಡ ಹಾಗೇ. ಗುರೆಳ್ಳಿನದು ಬೇಗ ಮುಗ್ಗುತ್ತದೆ, ಸ್ವಲ್ಪವೇ ಒಯ್ಯಿ. ಮಂಡಕ್ಕಿ ಒಯ್ಯಲೇಬೇಡ. ಸುಸಲಾ ಮಾಡುವ ಮೊದಲೇ ನೆಂದಿರುತ್ತದೆ!

ನಿಮ್ಮ ಗಂಗಾವತಿಯ ಸೋನಾ ಮಸೂರಿ ಐದು ಕಿಲೋ ಒಯ್ದಿದ್ದೆ. ಅದು ಚೆನ್ನಾಗಿಯೇ ಇತ್ತು. ಆದರೆ ಅಲ್ಲಿಯವರು ಕುಚ್ಚಲಕ್ಕಿ ಗಂಜಿ ಉಣ್ಣುವವರು. ಹೊನ್ನಾವರದಲ್ಲಿ ನಾನು ಅನ್ನ ಬಸಿಯುವುದನ್ನು ನೋಡಿದ ಒಬ್ಬ ಅಮ್ಮ, "ಇಷ್ಟು ಸಣ್ಣ ಅಕ್ಕಿ ಹೊಟ್ಟೆಗೆ ಎಂತ ಸಾಕಾಗ್ತದೆ?" ಅಂತ ಕೇಳಿದಳು. ಅವಳಿಗೆ ಒಂದು ಸೇರು ಅಕ್ಕಿ ಕೊಟ್ಟೆ, ಅವಳು ಒಣ ಮುರುಗಲ, ಅಂದರೆ ಕೋಕಂ ಹಣ್ಣಿನ, ಸಿಪ್ಪೆ ಕೊಟ್ಟಳು. ಅದನ್ನು ನೀರಿಗೆ ಹಾಕಿ ಬೆಲ್ಲ ಕರಗಿಸಿ ಕುಡಿದದ್ದೇ ನಮ್ಮ ಬಿಸಿಲಿಗೆ ಮದ್ದು. ಒಂದು ಮಾತು ನೆನಪಿಡು. ದಂಡೆಗೆ ಹತ್ತಿರದ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಮೂರು ಸೀಟಿಗೆ ಬೇಯುವ ಬೇಳೆ ಎಂಟು ಸೀಟಿಗೂ ಬೇಯದೆ ನಿಂತಿತ್ತು, ನಾನು ಸುಮ್ನೆ ಕುಕ್ಕರಿಗೆ ಬೈದೆ. 20 ಲೀಟರಿನ ಎರಡು ಕ್ಯಾನ್ ಒಳನಾಡಿನಲ್ಲೇ ತುಂಬಿಸಿಕೋ.

ಗ್ಯಾಸ್: ಐದು ಕಿಲೋದ ಸಣ್ಣ ಸಿಲಿಂಡರ್, ಒಂದೇ ಬರ್ನರ್. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಲೆ ಹೊರಗೆ ಇಟ್ಟೇ ಹಚ್ಚಬೇಕು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಗಾಡಿಯ ತಳದಲ್ಲಿ ನೀರಿನ ಹಾಗೆ ಕೂಡುತ್ತದೆ. ಕಿಟಕಿ ತೆಗೆದಿದ್ದೇವೆ ಅಂತ ಧೈರ್ಯ ಬೇಡ, ಕಿಟಕಿ ಮೇಲಿದೆ, ಗ್ಯಾಸು ಕೆಳಗಿದೆ. ಮಲಗುವಾಗ ನಾವು ಸಿಲಿಂಡರ್ ತೆಗೆದು ಗಾಡಿಯ ಹೊರಗೆ, ಕೆಳಗೆ ಇಟ್ಟು ಸರಪಳಿ ಹಾಕುತ್ತಿದ್ದೆವು. ಬೆಂಕಿ ಆರಿಸುವ ಒಂದು ಕಿಲೋದ ಕೆಂಪು ಸಿಲಿಂಡರು ಚಾಲಕನ ಸೀಟಿನ ಪಕ್ಕ ಇತ್ತು.

ರಾಯಚೂರಿನಿಂದ ಒಬ್ಬ ಓದುಗ: ಸಮುದ್ರದ ಅಲೆ ಕೇಳುತ್ತಾ ದಂಡೆಯ ಮೇಲೇ ಮಲಗಿದಿರಾ? ಪುಣ್ಯವಂತರು.

ಒಂದೇ ರಾತ್ರಿ ಮಲಗಿದೆವು. ಪುಣ್ಯ ಒಂದೇ ರಾತ್ರಿಗೆ ಸಾಕಾಯಿತು. ಬೆಳಗ್ಗೆ ಎದ್ದರೆ ಗಾದಿಯ ತಳ ಒದ್ದೆ. ಹಲಗೆ ಬೆವರಿತ್ತು. ನಮ್ಮನೆಯವರ ಓದುವ ಕನ್ನಡಕದ ಮೇಲೆ ಉಪ್ಪಿನ ಪುಡಿ. ನಿದ್ದೆ ಇಬ್ಬರದೂ ಸೇರಿ ಮೂರು ಗಂಟೆ ಆಗಿರಬಹುದು.

ಅದರಿಂದ ಒಂದು ವಿಷಯ ಕಲಿತೆ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ, ನನಗೆ ಮಾತ್ರ ಬೆವರಿದ ಮೇಲೆ ಅರ್ಥವಾಯಿತು. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ನೆಲಕ್ಕೆ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಸಮುದ್ರಕ್ಕೆ ಹೋಗುತ್ತದೆ. ಸಮುದ್ರ ಗಾಳಿ, ನೆಲ ಗಾಳಿ ಅಂತ ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸುತ್ತಿದ್ದದ್ದು ಇದೇ ಅಲ್ವಾ! ನಾವು ಸಂಜೆ ಗಾಳಿ ಪಡುವಣದಿಂದ ಬರುತ್ತಿದೆ ಅಂತ ಬಾಗಿಲನ್ನು ಸಮುದ್ರಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದೆವು. ಹತ್ತು ಗಂಟೆಗೆ ಗಾಳಿ ನಿಂತುಹೋಗುತ್ತಿತ್ತು. ಮಧ್ಯರಾತ್ರಿ ಮೇಲೆ ಮೂಡಣದಿಂದ, ಘಟ್ಟದ ಕಡೆಯಿಂದ ತೆಳುವಾಗಿ ಗಾಳಿ ಬರುತ್ತದೆ. ಅದು ತಣ್ಣಗೂ ಇರುತ್ತದೆ, ಉಪ್ಪೂ ಇರುವುದಿಲ್ಲ. ಐದನೇ ರಾತ್ರಿಯಿಂದ ಬಾಗಿಲನ್ನು ಘಟ್ಟದ ಕಡೆಗೆ ಮಾಡಿದೆವು. ಆಮೇಲೆ ನಿದ್ದೆ ಬಂತು.

ಸಮುದ್ರವನ್ನು ಬೆಳಗ್ಗೆ ಸಂಜೆ ಹೋಗಿ ನೋಡಿ. ಮಲಗಲು ಐದಾರು ಕಿಲೋಮೀಟರ್ ಒಳಗೆ ಬನ್ನಿ. ದಂಡೆಯಲ್ಲಿ ರಾತ್ರಿ ಗಾಡಿ ನಿಲ್ಲಿಸಲು ಎಷ್ಟೋ ಕಡೆ ಬಿಡುವುದೂ ಇಲ್ಲ. ಪೊಲೀಸರು ಬಂದು ಎಬ್ಬಿಸಿದರೆ ಹೋಗಬೇಕು, ಅವರದ್ದೂ ತಪ್ಪಲ್ಲ. ನಾವು ಮಲಗಿದ್ದು ಎರಡು ರಾತ್ರಿ ಪೆಟ್ರೋಲ್ ಬಂಕಿನಲ್ಲಿ, ಕೇಳಿಕೊಂಡು, ಟ್ಯಾಂಕ್ ತುಂಬಿಸಿಕೊಂಡು. ಎರಡು ರಾತ್ರಿ ದೇವಸ್ಥಾನದ ಅಂಗಳದಲ್ಲಿ. ಮೂರು ರಾತ್ರಿ ನನ್ನ ಹಳೆಯ ಕೆಲಸದ ಪುಣ್ಯದಿಂದ. ಸಂಜೆ ಊರಿಗೆ ಹೋಗಿ ಪ್ರಾಥಮಿಕ ಶಾಲೆಯ ಟೀಚರ್ ಮನೆ ಎಲ್ಲಿ ಅಂತ ಕೇಳುತ್ತಿದ್ದೆ. "ನಾನೂ ಟೀಚರೇ, ಕೊಪ್ಪಳದವಳು" ಅಂದರೆ ಸಾಕು. ಅಂಗಳದಲ್ಲಿ ಜಾಗ, ಬಚ್ಚಲಮನೆಯಲ್ಲಿ ಬಿಸಿನೀರು. ಒಂದು ಮನೆಯಲ್ಲಿ ನೀರ್ ದೋಸೆ ಮಾಡುವುದನ್ನು ಕಲಿಸಿದರು. ಇನ್ನೂ ನನಗೆ ಬಂದಿಲ್ಲ.

ಉಳಿದ ರಾತ್ರಿ ಲಾಡ್ಜ್. ನಾಚಿಕೆ ಏನಿಲ್ಲ. ನಾಲ್ಕು ದಿನಕ್ಕೊಮ್ಮೆ ಕಾಲು ಚಾಚಿ ಮಲಗಬೇಕು.

ಮಾನ್ವಿಯಿಂದ ಒಬ್ಬ ಯುವಕ: ವ್ಯಾನಿಗೆ ಎಸಿ, ಫ್ರಿಜ್ ಹಾಕಿಸಬಹುದಾ?

ಲೆಕ್ಕ ಹಾಕೋಣ, ಮಗಾ. ನಮ್ಮದು 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 1,200 ವ್ಯಾಟ್ ಅವರ್. ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. ಅಂದರೆ ಕೈಗೆ 600. 20 ವ್ಯಾಟಿನ ಎರಡು ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 320. ದೀಪ, ಮೊಬೈಲು ಸೇರಿ ಇನ್ನೊಂದು 100. ಸರಿಹೋಯಿತು. ಎಸಿ ಗಂಟೆಗೆ ಸಾವಿರ ಕೇಳುತ್ತದೆ. ಅರ್ಧ ಗಂಟೆ ತಂಪಾಗಿ ಮಲಗಬಹುದು, ಆಮೇಲೆ ಕತ್ತಲು. ಇಂಜಿನ್ ಚಾಲೂ ಇಟ್ಟು ಗಾಡಿಯ ಎಸಿಯಲ್ಲಿ ಮಲಗುವ ಯೋಚನೆ ಇದ್ದರೆ ಈಗಲೇ ಬಿಡು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ.

ಫ್ರಿಜ್ ಬದಲು ಐಸ್ ಪೆಟ್ಟಿಗೆ. ಮೀನು ಬಂದರಿನ ಹತ್ತಿರ ಐಸ್ ಅಗ್ಗ, ಎಷ್ಟು ಬೇಕಾದರೂ ಸಿಗುತ್ತದೆ. ನಾವು ಮೀನು ತಿನ್ನುವವರಲ್ಲ. ಆದರೆ ಮಲ್ಪೆಯಿಂದ ಆ ಐಸಿನಲ್ಲಿಟ್ಟ ಮಜ್ಜಿಗೆ ಕುಡಿದದ್ದು ಬಂಗುಡೆಯ ವಾಸನೆಯ ಜೊತೆಗೇ.

ಬಳ್ಳಾರಿಯಿಂದ ಒಬ್ಬರು: ಮಂಚ, ಅಡುಗೆಮನೆ ಎಲ್ಲ ಮಾಡಿಸಿದರೆ ಆರ್‌ಟಿಒದವರು ಹಿಡಿಯುವುದಿಲ್ವಾ?

ಏನು ಮಾಡಿಸುತ್ತೀರಿ ಅನ್ನುವುದರ ಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮಾಡಿಕೊಟ್ಟ ಗಾಡಿಗೂ ಆರ್‌ಸಿಯಲ್ಲಿ ಬರೆದದ್ದಕ್ಕೂ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸೀಟು ಕಿತ್ತು ಹಾಕುವುದು, ಚಾವಣಿ ಕೊಯ್ದು ಎತ್ತರಿಸುವುದು, ವೆಲ್ಡ್ ಮಾಡಿ ಕಪಾಟು ಕೂರಿಸುವುದು ಬೇಕಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಹತ್ತಿಸಿಕೊಳ್ಳಿ. ವಿಮೆಯವರಿಗೂ ತಿಳಿಸಿ.

ನಮ್ಮ ಗಾಡಿಯಲ್ಲಿ ಒಂದು ಸ್ಕ್ರೂ ಕೂಡ ಹೊಡೆದಿಲ್ಲ. ಬಡಿಗೇರ ಎರಡು ಪ್ಲೈವುಡ್ ಪೆಟ್ಟಿಗೆ, ನಾಲ್ಕು ಹಲಗೆ ಮಾಡಿಕೊಟ್ಟ. ನೀರು ತಡೆಯುವ ಪ್ಲೈವುಡ್ಡೇ ಬೇಕು ಅಂತ ಹಟ ಹಿಡಿದು ಮಾಡಿಸಿದ್ದು ಒಳ್ಳೆಯದಾಯಿತು. ಎಲ್ಲವನ್ನೂ ಬೆಲ್ಟಿನಿಂದ ಬಿಗಿದಿರುತ್ತೇವೆ. ಮನೆಗೆ ಬಂದು ಅರ್ಧ ಗಂಟೆಯಲ್ಲಿ ಇಳಿಸಿದರೆ ಅದು ಮತ್ತೆ ಐದು ಸೀಟಿನ ಗಾಡಿ. ಹಲಗೆಗಳ ನಡುವೆ ಎರಡು ಬೆರಳು ಸಂದು ಬಿಡಿಸಿ. ಗಾದಿಯ ಕೆಳಗೆ ಗಾಳಿ ಆಡಬೇಕು. ನಾವು ಬಿಡಿಸಿರಲಿಲ್ಲ, ಅದಕ್ಕೇ ಗಾದಿ ಕೊಳೆಯಿತು.

ಯಲಬುರ್ಗಾದಿಂದ, ಹೆಸರು ಬೇಡ ಎಂದವರು: ಕೇಳಲು ಸಂಕೋಚ. ಶೌಚಕ್ಕೆ ಏನು ಮಾಡಿದಿರಿ?

ಸಂಕೋಚ ಬೇಡ. ಬಂದ ಕಾಗದಗಳಲ್ಲಿ ಆರು ಹೆಣ್ಣುಮಕ್ಕಳು ಇದನ್ನೇ ಕೇಳಿದ್ದಾರೆ. ಗಂಡಸರು ಒಬ್ಬರೂ ಕೇಳಿಲ್ಲ. ಬೆಳಗ್ಗೆ ಪೆಟ್ರೋಲ್ ಬಂಕ್, ಹೋಟೆಲ್, ದೇವಸ್ಥಾನದ ಶೌಚಾಲಯ. ಹೆದ್ದಾರಿಯಲ್ಲಿ ಅದಕ್ಕೆ ಕೊರತೆ ಇಲ್ಲ. ರಾತ್ರಿಗೆ ಮುಚ್ಚಳದ ಬಕೆಟ್ಟು, ಒಳಗೆ ಚೀಲ, ಮೇಲೆ ಕೂರಲು ಪ್ಲಾಸ್ಟಿಕ್ ಸೀಟು. ಗಾಡಿಯ ಹಿಂಬಾಗಿಲು ಎತ್ತಿ ಹಳೆಯ ಸೀರೆ ಇಳಿಬಿಟ್ಟರೆ ಮರೆ. ಚೀಲವನ್ನು ಕಂಡಲ್ಲಿ ಎಸೆಯಬೇಡಿ, ಬೆಳಗ್ಗೆ ಶೌಚಾಲಯದಲ್ಲೇ ಖಾಲಿ ಮಾಡಿ. ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ, ಚೊಕ್ಕ ದಂಡೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಅಲ್ಲಿ ಸ್ನಾನದ ಕೋಣೆಯೂ ಚೊಕ್ಕ. ನಾನು ಹನ್ನೊಂದು ದಿನದಲ್ಲಿ ನೆಮ್ಮದಿಯಾಗಿ ತಲೆಗೆ ಎರೆದುಕೊಂಡದ್ದು ಅಲ್ಲೇ. ಉಡುಪಿ ಕಡೆ ಹೋದರೆ ಪಡುಬಿದ್ರಿಯೂ ಅದೇ ಪಟ್ಟಿಯಲ್ಲಿದೆ.

ಸಿರುಗುಪ್ಪದಿಂದ ಒಬ್ಬ ರೈತರು: ಮರಳಿನಲ್ಲಿ ಗಾಡಿ ಸಿಕ್ಕಿತು ಅಂತ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಪೂರ್ತಿ ಹೇಳಿ.

ಬಿಟ್ಟದ್ದು ಬೇಕೆಂದೇ. ನಮ್ಮನೆಯವರು ಬೇಡ ಅಂದಿದ್ದರು. ಈಗ ನೀವು ಕೇಳಿದ್ದೀರಿ, ನಾನು ಹೇಳುತ್ತೇನೆ.

ಕುಮಟಾ ದಾಟಿದ ಮೇಲೆ ಒಂದು ದಂಡೆ. ಸಂಜೆ ನಾಲ್ಕು ಗಂಟೆ. ನೀರಿನ ಹತ್ತಿರದ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಮೇಲೆ ಒಣ ಮರಳು, ಹಿಟ್ಟಿನ ಹಾಗೆ. ನಮ್ಮನೆಯವರು ಮೂವತ್ತೈದು ವರ್ಷ ಬಸ್ಸು ರಿಪೇರಿ ಮಾಡಿದವರು. "ಹಿಂದಿನ ಗಾಲಿ ಎಳೆಯೋ ಗಾಡಿ ಇದು, ಏನೂ ಆಗಂಗಿಲ್ಲ" ಅಂದರು. ರಭಸದಲ್ಲಿ ಒಣ ಮರಳು ದಾಟಿ ನೀರಿನ ಹತ್ತಿರ ನಿಲ್ಲಿಸಿದರು. ನಾನು ಫೋಟೋ ತೆಗೆದೆ. ಚೆನ್ನಾಗಿ ಬಂದಿದೆ.

ವಾಪಸ್ ಬರುವಾಗ ಹಿಂದಿನ ಗಾಲಿ ಒಣ ಮರಳಿನಲ್ಲಿ ಕೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು. ಹಿಂದೆ ಬ್ಯಾಟರಿ, ನೀರು, ಅಕ್ಕಿ ಎಲ್ಲದರ ಭಾರ. ಹಿಂದಿನ ದಿನ ಅದೇ ಹೊತ್ತಿಗೆ ನೀರು ದೂರ ಇಳಿದಿತ್ತು, ಇವತ್ತೂ ಇಳಿಯುತ್ತದೆ ಅಂದುಕೊಂಡಿದ್ದೆವು. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಜೊತೆಗೆ ಹಿಂದಿನ ದಿನ ನಾವಿದ್ದದ್ದು ಬೇರೆ ದಂಡೆ, ಅಲ್ಲಿ ಮರಳು ಚಪ್ಪಟೆ. ನಾನು ಚಪ್ಪಲಿ ಬಿಟ್ಟು ಗುರುತು ಮಾಡಿದೆ. ಕಾಲು ಗಂಟೆಯಲ್ಲಿ ಚಪ್ಪಲಿ ತೇಲಿತು.

ದೂರದಲ್ಲಿ ರಂಪಣಿ ಎಳೆಯುತ್ತಿದ್ದರು. ರಂಪಣಿ ಅಂದರೆ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಅರ್ಧ ಚಂದ್ರನ ಹಾಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಹತ್ತಿಪ್ಪತ್ತು ಜನ ಎಳೆಯುತ್ತಾರೆ. ನಾನು ಓಡಿ ಹೋಗಿ ಕೂಗಿದೆ. ಬಲೆ ದಂಡೆಗೆ ಬರುವವರೆಗೆ ಅವರು ಬಿಟ್ಟು ಬರುವ ಹಾಗಿರಲಿಲ್ಲ. ಆ ಇಪ್ಪತ್ತು ನಿಮಿಷ ನನ್ನ ಜನ್ಮದ ಉದ್ದನೆಯ ಪೀರಿಯಡ್ಡು.

ಬಂದ ಹಿರಿಯರೊಬ್ಬರು ಮೊದಲು ಮಾಡಿದ್ದು ಗಾಲಿಯ ಗಾಳಿ ಬಿಟ್ಟದ್ದು. ಮೂವತ್ತರ ಮೇಲಿದ್ದ ಒತ್ತಡವನ್ನು ಹದಿನೆಂಟಕ್ಕೆ ಇಳಿಸಿದರೆ ಗಾಲಿ ಅಗಲವಾಗಿ ಕೂರುತ್ತದೆ, ಮರಳನ್ನು ಕೊರೆಯುವುದಿಲ್ಲ. ಇದು ಮೆಕ್ಯಾನಿಕ್‌ಗೆ ಗೊತ್ತಿರಬೇಕಿತ್ತಲ್ವಾ? ಗಾಬರಿಯಲ್ಲಿ ಮರೆತರಂತೆ. ಆಮೇಲೆ ಗಾಲಿಯ ಮುಂದೆ ಹಾಕಲು ಏನಾದರೂ ಕೊಡಿ ಅಂದರು. ಹಲಗೆ ಇತ್ತು. ನಮ್ಮನೆಯವರ ಕೈಗೆ ಸಿಕ್ಕಿದ್ದು ಕೌದಿ. ಅವರ ತಾಯಿ, ನಮ್ಮ ಅತ್ತೆಯವರು, ಹಳೆಯ ಸೀರೆ, ಅಂಗಿ ಎಲ್ಲ ಕೂಡಿಸಿ ಕೈಯಿಂದ ಹೊಲಿದ ಕೌದಿ. ನನ್ನನ್ನು ಕೇಳದೆ ಎಳೆದು ಗಾಲಿಯ ಕೆಳಗೆ ತುರುಕಿದರು. ಹನ್ನೆರಡು ಜನ ಹಗ್ಗ ಹಿಡಿದು ಎಳೆದರು. ಗಾಡಿ ಬಂತು. ಕೌದಿ ಎರಡು ಕಡೆ ಹರಿಯಿತು.

ಅವರು ದುಡ್ಡು ಮುಟ್ಟಲಿಲ್ಲ. ಸುಟ್ಟು ಇಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ, ನಿಂತೇ ತಿಂದರು. ಒಬ್ಬ ಹುಡುಗ, "ಇದು ಎಂತ ಹಪ್ಪಳ, ಅಮ್ಮ?" ಅಂತ ಕೇಳಿದ. ರೊಟ್ಟಿಗೆ ಕಡೆಗೂ ಮರ್ಯಾದೆ ಬಂತು. ನೀವು ಹೋದರೆ ದಂಡೆಗೆ ಗಾಡಿ ಇಳಿಸಬೇಡಿ. ಗಾಲಿಗೆ ಗಾಳಿ ತುಂಬುವ 12 ವೋಲ್ಟಿನ ಪಂಪು, ಹಗ್ಗ ಎರಡೂ ಇರಲಿ.

ತೋರಣಗಲ್ಲಿನಿಂದ ಒಬ್ಬರು: ನಾನು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಗಾಡಿಗೆ ತುಕ್ಕು ಹಿಡಿಯಲಿಲ್ಲವೇ?

ಉಕ್ಕಿನ ಊರಿನಿಂದ ತುಕ್ಕಿನ ಪ್ರಶ್ನೆ. ಇದನ್ನು ನಮ್ಮನೆಯವರಿಗೇ ಕೊಟ್ಟೆ. ಅವರು ಹೇಳಿದ್ದು ಇಷ್ಟು: ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಊರಿಗೆ ಬಂದ ಮೇಲೆ ಗಾಡಿ ಒಣಗಿತು ಅಂತ ಸುಮ್ಮನಿದ್ದರೆ ಮಳೆಗಾಲಕ್ಕೆ ಮತ್ತೆ ಶುರುವಾಗುತ್ತದೆ. ಹಾಗಾಗಿ ಘಟ್ಟ ಹತ್ತಿದ ಮೊದಲ ಊರಿನಲ್ಲೇ ಗಾಡಿಯ ತಳವನ್ನು ಸಿಹಿನೀರಿನಲ್ಲಿ ಜೋರಾಗಿ ತೊಳೆಸಬೇಕು. ಮೇಲೆ ತೊಳೆದರೆ ಸಾಲದು. ಗಾಲಿಯ ಗೂಡು, ಬ್ರೇಕಿನ ಸುತ್ತ, ಬಾಗಿಲಿನ ಕೆಳ ಅಂಚು. ಹೊರಡುವ ಮೊದಲೇ ಬ್ಯಾಟರಿಯ ತುದಿಗಳಿಗೆ ವ್ಯಾಸಲಿನ್ ಸವರಬೇಕು. ಮರಳಿನ ದಿನದ ಬಗ್ಗೆ ಅವರು ಏನೂ ಹೇಳಲಿಲ್ಲ.

ಕೊಪ್ಪಳದಿಂದಲೇ ಒಬ್ಬರು: ಈ ವಯಸ್ಸಿನಲ್ಲಿ ತೀರ್ಥಯಾತ್ರೆ ಮಾಡುವುದು ಬಿಟ್ಟು ಬೀದಿಯಲ್ಲಿ ಮಲಗುವುದು ಮರ್ಯಾದೆಯೇ?

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಆಯಿತು. ಮುರುಡೇಶ್ವರದ 123 ಅಡಿಯ ಶಿವನ ಕೆಳಗೆ ನಿಂತು ಕೈ ಮುಗಿದೆವು. ತೀರ್ಥ ಸಾಕಷ್ಟು ಆಗಿದೆ. ಮರ್ಯಾದೆಯ ವಿಷಯ ಹೇಳಿದರೆ, ಹೊರಡುವ ಹಿಂದಿನ ವಾರ ಪರೀಕ್ಷೆಗೆಂದು ನಮ್ಮ ಮನೆಯ ಅಂಗಳದಲ್ಲೇ ಒಂದು ರಾತ್ರಿ ವ್ಯಾನಿನಲ್ಲಿ ಮಲಗಿದ್ದೆವು. ಬೆಳಗ್ಗೆ ಪಕ್ಕದ ಮನೆಯವರು ಬಂದು, "ಯಾಕ್ರೀ ಅಕ್ಕೋರ, ಸೊಸಿ ಜೊತಿ ಜಗಳ ಆತೇನು?" ಅಂತ ಮೆಲ್ಲಗೆ ಕೇಳಿದರು. ಹೋಗಬೇಕಾದದ್ದು ಅವತ್ತೇ ಹೋಗಿದೆ.

ಲಿಂಗಸುಗೂರಿನಿಂದ ಒಬ್ಬಳು ಹೊಸ ಮದುಮಗಳು: ಅಷ್ಟು ಸಣ್ಣ ಜಾಗದಲ್ಲಿ ಹನ್ನೊಂದು ದಿನ ಇಬ್ಬರೇ. ಜಗಳ ಆಗಲಿಲ್ವಾ?

ಆಯಿತಲ್ಲ! ಕೌದಿಯ ಜಗಳ ಎರಡು ದಿನ. ಮನೆಯಲ್ಲಾದರೆ ನಾನು ಅಡುಗೆಮನೆಗೆ, ಅವರು ಕಟ್ಟೆಗೆ ಹೋಗುತ್ತೇವೆ. ಈಕೋ ಗಾಡಿಯ ಉದ್ದ 3,675 ಮಿಲಿಮೀಟರ್. ಎಲ್ಲಿಗೆ ಹೋಗುತ್ತೀ? ಅವರು ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ ಕೂತೆ, ಬಸ್ಸಿನ ಪ್ರಯಾಣಿಕಳ ಹಾಗೆ. ಕುಮಟಾದಿಂದ ಮುರುಡೇಶ್ವರದವರೆಗೆ ಹಾಗೇ ಹೋದೆವು. ಟಿಕೆಟ್ ತಗೊಳ್ಳಿ ಅಂತ ಒಮ್ಮೆ ಅಂದರು, ನಾನು ನಗಲಿಲ್ಲ.

ಮರವಂತೆಯಲ್ಲಿ ಮಾತಿಗೆ ಬಂದೆವು. ಅಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಗಾಡಿ ದೂರ ನಿಲ್ಲಿಸಿ ನಡೆದು ಬಂದೆವು. ಅವರು ತುಂಬಾ ಹೊತ್ತು ಎರಡೂ ಕಡೆ ನೋಡಿ, "ಇಷ್ಟೂ ನೀರು ಹಿಂಗ ಸುಮ್ನ ಸಮುದ್ರಕ್ಕ ಹೋಗ್ತೈತಿ ನೋಡು" ಅಂದರು. ನಾವು ತುಂಗಭದ್ರೆಯ ಕಾಲುವೆ ಯಾವಾಗ ಬಿಡುತ್ತಾರೆ ಅಂತ ಕಾಯುವ ಜನ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮರುದಿನ ಇವರು ಬೈಕ್ ಹತ್ತಿ ಹೋಗಿ ಹರಿದುಹೋಗುವ ನೀರನ್ನು ನೋಡಿ ಬಂದು ರಾತ್ರಿ ಊಟ ಮಾಡಿರಲಿಲ್ಲ. ಅವತ್ತಿನ ಮುಖವೇ ಮರವಂತೆಯಲ್ಲೂ ಕಂಡಿತು. ಚೆಂದದ ಜಾಗಕ್ಕೆ ಕರೆದುಕೊಂಡು ಬಂದು ನೀರಿನ ಲೆಕ್ಕ ಹಾಕುವ ಗಂಡನ ಜೊತೆ ಎಷ್ಟು ದಿನ ಸಿಟ್ಟು ಮಾಡುತ್ತೀ? ಮುಂದಿನ ಸೀಟಿಗೆ ಬಂದು ಕೂತೆ.

ನಿನಗೆ ಒಂದೇ ಬುದ್ಧಿಮಾತು. ಇಬ್ಬರಿಗೂ ಬೇರೆ ಬೇರೆ ಸೊಳ್ಳೆಪರದೆ, ಬೇರೆ ಬೇರೆ ಫ್ಯಾನು. ಒಂದೇ ಫ್ಯಾನು ಇದ್ದರೆ ಅದರ ಮುಖ ಯಾರ ಕಡೆ ಅನ್ನುವುದೇ ಮೊದಲ ಜಗಳ.

ಕುಕನೂರಿನಿಂದ ನನ್ನ ಹಳೆಯ ವಿದ್ಯಾರ್ಥಿ: ಅಕ್ಕೋರೇ, ನಾಲ್ಕನೇ ಕ್ಲಾಸಿನಲ್ಲಿ ನಿಮ್ಮ ಹತ್ತಿರ ಓದಿದ್ದೆ. ಡಿಸೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗಬೇಕು ಅಂತಿದ್ದೇವೆ. ನಿಮ್ಮ ವ್ಯಾನು ಕೊಡ್ತೀರಾ?

ಕೊಡುತ್ತೇವೆ. ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಗುರುತು ಸಿಕ್ಕಿತು. ಹೊಸ ಗಾದಿ ಮಾಡಿಸಿದ್ದೇವೆ, ತೆಂಗಿನ ನಾರಿನದು. ಹಲಗೆಗೆ ಸಂದು ಬಿಡಿಸಿದ್ದೇವೆ. ಬೆಲ್ಟು ಬಿಗಿಯುವುದನ್ನು ನಮ್ಮನೆಯವರು ತೋರಿಸುತ್ತಾರೆ, ಅರ್ಧ ದಿನ ಇಟ್ಟುಕೊಂಡು ಬಾ, ಅವರು ಬೇಗ ಮುಗಿಸುವವರಲ್ಲ. ಬರುವಾಗ ಕುಮಟಾದ ಈರುಳ್ಳಿ ಸಿಕ್ಕರೆ ಒಂದು ಜಡೆ ತಾ. ಬೇಸಿಗೆಯಲ್ಲಿ ಅವನ್ನು ಹೆದ್ದಾರಿಯ ಪಕ್ಕ ಜಡೆ ಹೆಣೆದು ನೇತುಹಾಕಿ ಮಾರುತ್ತಾರೆ, ಸಿಹಿ ಈರುಳ್ಳಿ. ಡಿಸೆಂಬರ್‌ನಲ್ಲಿ ಸಿಗಲಿಕ್ಕಿಲ್ಲ. ಸಿಗದಿದ್ದರೆ ಬೇಡ. ಗಾಡಿಯ ತಳ ತೊಳೆಸಿಕೊಂಡು ಬಾ.

ಕೌದಿ ಮಾತ್ರ ಕೊಡುವುದಿಲ್ಲ. ತೇಪೆ ಹಾಕಿ ಹೊಲಿದಿದ್ದೇನೆ. ನಾಲ್ಕು ಸಲ ಒಗೆದರೂ ಕೊಡವಿದಾಗ ಇನ್ನೂ ಮರಳು ಉದುರುತ್ತದೆ.